ಹತ್ತು ಸಾವಿರಕ್ಕೆ ಒಂದು ಕಡಿಮೆ

ಹೋದ ತಿಂಗಳು ಬಾವಿಯ ಪಂಪು ಗಾಳಿ ಎಳೆದುಕೊಳ್ಳುವ ಬಗ್ಗೆ ಒಬ್ಬರು ಕೇಳಿದ್ದರು. ಉತ್ತರ ಬರೆಯುವಾಗ ಮಧ್ಯೆ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಲಂಡನ್ನಿನ ಮಗಳ ಮನೆಗೆ ಹೋಗಿದ್ದಾಗ ರಾಯಲ್ ಆಲ್ಬರ್ಟ್ ಹಾಲ್ ಎಂಬ ಸಭಾಂಗಣದಲ್ಲಿ 9,999 ಕೊಳವೆಗಳ ಪೈಪ್ ಆರ್ಗನ್ ಎಂಬ ಗಾಳಿವಾದ್ಯ ನೋಡಿದೆ, ಗಾಳಿಯನ್ನು ಹದ್ದುಬಸ್ತಿನಲ್ಲಿ ಇಡುವುದನ್ನು ಅದರಿಂದ ಕಲಿಯಬೇಕು ಅಂತ. ಅಷ್ಟೇ. ಪಂಪಿನ ವಿಷಯ ಎಲ್ಲರೂ ಮರೆತರು. ಬಂದ ಕಾಗದಗಳೆಲ್ಲ ಆರ್ಗನ್ನಿನ ಮೇಲೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮಿಕ್ಸಿ ಕೆಟ್ಟವರು, ಮೋಟಾರ್ ಸುಟ್ಟುಕೊಂಡವರು ಒಂದು ತಿಂಗಳು ಸುಧಾರಿಸಿಕೊಳ್ಳಬೇಕು.

ಹೊಸ ಓದುಗರಿಗೆ ಒಂದು ಮಾತು. ಕೆಲವರು 'ಇಂಜಿನಿಯರ್ ಸಾಹೇಬರೇ' ಅಂತ ಬರೆಯುತ್ತೀರಿ. ನಾನು ಶರಾವತಿ ವಿದ್ಯುದಾಗಾರದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತನಾದವನು. ಟರ್ಬೈನು, ವಾಲ್ವು, ಎಣ್ಣೆ ಪಂಪು, ಇಷ್ಟೇ ನನ್ನ ವಿದ್ಯೆ. ಸಂಗೀತ ಗೊತ್ತಿಲ್ಲ. ಮನೆಯಲ್ಲಿ ಅಪ್ಪನ ಹಾರ್ಮೋನಿಯಂ ಒಂದಿತ್ತು. ಶನಿವಾರದ ಭಜನೆಗೆ ಅವರು ನುಡಿಸುವಾಗ ಹಿಂದೆ ಕೂತು ತಿದಿ ಒತ್ತುವ ಕೆಲಸ ನನ್ನದು. ಈ ವಿಷಯದಲ್ಲಿ ನನ್ನ ಅರ್ಹತೆ ಅಷ್ಟೇ.

ಪ್ರಶ್ನೆ: ನಾನು ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತೇನೆ. ಅದೂ ಗಾಳಿಯ ವಾದ್ಯ, ಅದಕ್ಕೂ ಬಿಳಿ ಮನೆ, ಕಪ್ಪು ಮನೆ. ಹಾಗಾದರೆ ಪೈಪ್ ಆರ್ಗನ್ ಅಂದರೆ ದೊಡ್ಡ ಹಾರ್ಮೋನಿಯಂ ತಾನೇ ಸಾರ್?
— ಸಂಗೀತ ಶಿಕ್ಷಕಿ, ಸಾಗರ

ಉತ್ತರ: ಅಲ್ಲ ಟೀಚರ್. ದಾಯಾದಿ ಅನ್ನಬಹುದು. ಹೊರಗಿನಿಂದ ಮುಖ ಒಂದೇ, ಒಳಗಿನ ಸಂಸಾರ ಬೇರೆ.

ನಿಮ್ಮ ಹಾರ್ಮೋನಿಯಂ ಬಿಚ್ಚಿದರೆ ಸಾಲಾಗಿ ಹಿತ್ತಾಳೆಯ ರೀಡುಗಳು, ಅಂದರೆ ತೆಳು ನಾಲಿಗೆಗಳು ಕಾಣುತ್ತವೆ. ಗಾಳಿ ನುಗ್ಗಿದಾಗ ಆ ನಾಲಿಗೆ ಅಲ್ಲಾಡುತ್ತದೆ. ಅದರ ಉದ್ದ, ದಪ್ಪ ಎಷ್ಟೋ ಅದರ ಸ್ವರ ಅಷ್ಟು. ಅಲ್ಲಿ ಕೊಳವೆಯೇ ಇಲ್ಲ. ಪೈಪ್ ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ಇದಕ್ಕೆ ತಿರುಗಾಮುರುಗಾ. ಅಲ್ಲಿ ಅಲ್ಲಾಡುವ ನಾಲಿಗೆಯೇ ಇಲ್ಲ. ಕೊಳಲಿನ ಹಾಗೆ ಗಾಳಿ ಒಂದು ಸೀಳಿನಿಂದ ಹೊರಟು ಎದುರಿನ ಅಂಚಿಗೆ ಬಡಿಯುತ್ತದೆ, ಕೊಳವೆಯೊಳಗಿನ ಗಾಳಿ ಕಂಪಿಸುತ್ತದೆ. ಸ್ವರ ಎಷ್ಟು ತಗ್ಗು ಎಂಬುದನ್ನು ಕೊಳವೆಯ ಉದ್ದ ನಿರ್ಧಾರ ಮಾಡುತ್ತದೆ. ಇನ್ನೊಂದು ಜಾತಿಯ ಕೊಳವೆಗಳಿಗೆ ಬುಡದಲ್ಲಿ ಹಿತ್ತಾಳೆ ನಾಲಿಗೆ ಇರುತ್ತದೆ, ಮೇಲೆ ಸೋರೆಬುರುಡೆಯಂತೋ ಕೊಂಬಿನಂತೋ ಕೊಳವೆ. ಇವು ನಮ್ಮ ವಾಲಗದವರ ಕಡೆಯ ನೆಂಟರು. ತುತ್ತೂರಿ ತರಹದ ಗಟ್ಟಿ ದನಿ ಬರುವುದು ಇವುಗಳಿಂದ.

ಉದ್ದದ ಲೆಕ್ಕ ಕೇಳಿ. 8 ಅಡಿಯ ತೆರೆದ ಕೊಳವೆಯ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ಹೋಗಬೇಕಾದರೆ 16 ಅಡಿ ಬೇಕು. ಇನ್ನೊಂದು ಸ್ಥಾಯಿ ಇಳಿದರೆ 32 ಅಡಿ. ಅಷ್ಟು ಉದ್ದದ ಕೊಳವೆಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು 16 ಸಲ ಮಾತ್ರ ಕಂಪಿಸುತ್ತದೆ. ಜಾಗ ಸಾಲದಿದ್ದರೆ ತುದಿಗೆ ಬಿರಡೆ ಹಾಕುತ್ತಾರೆ. ಒಂದು ಕಡೆ ಮುಚ್ಚಿದ ಕೊಳವೆ ಅರ್ಧ ಉದ್ದದಲ್ಲೇ ಆ ಸ್ವರ ಕೊಡುತ್ತದೆ, ದನಿ ಮಾತ್ರ ಸ್ವಲ್ಪ ಪೊಳ್ಳು. ಆಲ್ಬರ್ಟ್ ಹಾಲಿನ ಅತಿ ದೊಡ್ಡ ಕೊಳವೆ 42 ಅಡಿ ಉದ್ದ, ಎರಡೂವರೆ ಅಡಿ ಅಗಲ, ತೂಕ ಹತ್ತಿರ ಹತ್ತಿರ ಒಂದು ಟನ್. ಅತಿ ಚಿಕ್ಕದು ಎಳನೀರು ಹೀರುವ ಸ್ಟ್ರಾ ದಪ್ಪ.

ಆ ತಗ್ಗಿನ ಸ್ವರ ಕಿವಿಗೆ ಕೇಳಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನಾವು ಕಛೇರಿಗೆ ಹೋದದ್ದು ಒಂದು ಸಂಜೆ, ಮೇಲಿನ ಅಗ್ಗದ ಸೀಟು. ಆರ್ಕೆಸ್ಟ್ರಾ ಮೆಲ್ಲಗೆ ನುಡಿಸುತ್ತಿತ್ತು. ಇದ್ದಕ್ಕಿದ್ದಂತೆ ಕೂತ ಕುರ್ಚಿಯ ಹಲಗೆ ತೊಡೆಗೆ ತಾಗಿ ಜುಮ್ ಅಂದಿತು. ಎದೆಯೊಳಗೆ ಯಾರೋ ಕಂಬಳಿ ಕೊಡವಿದ ಹಾಗೆ. ಮಗಳ ಕಡೆ ತಿರುಗಿ, 'ಕೆಳಗೆ ಟರ್ಬೈನ್ ಯೂನಿಟ್ ಸ್ಟಾರ್ಟ್ ಮಾಡಿದರೇನೇ?' ಅಂದೆ. ಅವಳು ಬಾಯಿಗೆ ಬೆರಳಿಟ್ಟಳು.

ಇನ್ನೊಂದು ವಿಷಯ, ನಿಮಗೆ ಗೊತ್ತಿರಬಹುದು. ಹಾರ್ಮೋನಿಯಂ ಫ್ರಾನ್ಸಿನಿಂದ ಬಂದದ್ದು. ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವ ರೂಪ ಅದಕ್ಕೆ ಸಿಕ್ಕಿದ್ದು ಕೋಲ್ಕತ್ತದಲ್ಲಿ. 1940ರಿಂದ 1971ರ ತನಕ ಆಕಾಶವಾಣಿ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಗಮಕ ಬರುವುದಿಲ್ಲ ಎಂಬ ತಕರಾರು. ಅದು ಪೈಪ್ ಆರ್ಗನ್ನಿಗೂ ಬರುವುದಿಲ್ಲ. ಆದರೆ ಅದರ ಮೈ ನೋಡಿ ಗಮಕ ಕೇಳುವ ಧೈರ್ಯ ಯಾರಿಗೂ ಆಗುವುದಿಲ್ಲ ಬಿಡಿ.

ಪ್ರಶ್ನೆ: ಅಷ್ಟೊಂದು ಕೊಳವೆಗಳಿಗೆ ಗಾಳಿ ಎಲ್ಲಿಂದ? ಕಂಪ್ರೆಸರ್ ಇಟ್ಟಿರುತ್ತಾರಾ? ಎಷ್ಟು ಪ್ರೆಶರ್?
— ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ

ಉತ್ತರ: ಇಂಥ ಪ್ರಶ್ನೆ ಬಂದರೆ ನನಗೆ ಊಟ ರುಚಿಸುತ್ತದೆ ತಮ್ಮಾ. ಎಲ್ಲರೂ ಮುಂದಿನ ಹೊಳೆಯುವ ಕೊಳವೆಗಳ ಫೋಟೋ ತೆಗೆಯುತ್ತಾರೆ. ಅಸಲು ಕೆಲಸ ನಡೆಯುವುದು ಹಿಂದೆ ಮತ್ತು ಕೆಳಗೆ.

ಕಂಪ್ರೆಸರ್ ಅಲ್ಲ. ಪಂಕ್ಚರ್ ಅಂಗಡಿಯ ಗಾಳಿ ಇಲ್ಲಿಗೆ ಕೊಟ್ಟರೆ ಎಲ್ಲ ಕಿರುಚಿ ಒಡೆದು ಹೋಗುತ್ತದೆ. ಇದಕ್ಕೆ ಬೇಕಾದದ್ದು ಒತ್ತಡ ಕಡಿಮೆ, ಗಾಳಿ ಜಾಸ್ತಿ. ಗಾರೆಯವರು ಮಟ್ಟ ನೋಡಲು ನೀರು ತುಂಬಿದ ಪ್ಲಾಸ್ಟಿಕ್ ಪೈಪು ಹಿಡಿಯುತ್ತಾರಲ್ಲ, ಆರ್ಗನ್ ರಿಪೇರಿಯವರ ಗೇಜೂ ಅದೇ. ಒಂದು ತುದಿಗೆ ಗಾಳಿ ಬಿಟ್ಟರೆ ಇನ್ನೊಂದು ತುದಿಯಲ್ಲಿ ನೀರು ಎಷ್ಟು ಇಂಚು ಮೇಲೇರುತ್ತದೆ ಅಂತ ನೋಡುವುದು. ಸಾಮಾನ್ಯ ಚರ್ಚಿನ ಆರ್ಗನ್ನಿಗೆ 3–4 ಇಂಚು ಸಾಕು. ನಾವು ಶರಾವತಿಯ ಪೆನ್‌ಸ್ಟಾಕಿನಲ್ಲಿ, ಅಂದರೆ ಟರ್ಬೈನಿಗೆ ನೀರು ಇಳಿಸುವ ದೊಡ್ಡ ಪೈಪಿನಲ್ಲಿ, ನೂರಾರು ಮೀಟರ್ ನೀರಿನ ಒತ್ತಡ ಕಂಡವರು. ನಾಲ್ಕು ಇಂಚು ಅಂದಾಗ ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಯಾಕೆಂದರೆ ಆ ನಾಲ್ಕು ಇಂಚು ಕೂದಲೆಳೆಯಷ್ಟೂ ಕದಲಬಾರದು. ಕೊಳಲನ್ನು ಜೋರಾಗಿ ಊದಿದರೆ ಸ್ವರ ಮೇಲೆ ಹೋಗುತ್ತದೆ, ಅಲ್ವಾ? ಹಾಗೇ ಒತ್ತಡ ಏರಿದರೆ ಕೊಳವೆಯ ಸ್ವರ ಏರುತ್ತದೆ, ಇಳಿದರೆ ಜೋತು ಬೀಳುತ್ತದೆ. ಒಂದು ಕ್ಷಣ ಒಂದೇ ಕೊಳವೆ ಊದುತ್ತಿರುತ್ತದೆ, ಮರುಕ್ಷಣ ಎರಡು ಸಾವಿರ. ಗಾಳಿ ಮಾತ್ರ ಅದೇ ಒತ್ತಡದಲ್ಲಿ ನಿಲ್ಲಬೇಕು.

ಹೇಗೆ ನಿಲ್ಲಿಸುತ್ತಾರೆ? ಇದನ್ನು ನಾನು ಆಲ್ಬರ್ಟ್ ಹಾಲಿನಲ್ಲಿ ನೋಡಲಿಲ್ಲ. ಅಲ್ಲಿ ಗೈಡ್ ಜೊತೆ ಹೋಗುವವರಿಗೆ ಬ್ಲೋವರ್ ಕೋಣೆ ತೋರಿಸಲಿಲ್ಲ. ಕೇಳಿದೆ. ಆ ಹುಡುಗಿ ನಕ್ಕು, ಇಂಥದ್ದು ಕೇಳುವವರು ಕಡಿಮೆ ಅಂದಳು. ನೋಡಿದ್ದು ಮಗಳ ಮನೆಯ ಹತ್ತಿರದ ಒಂದು ಸಣ್ಣ ಚರ್ಚಿನಲ್ಲಿ. ಅಲ್ಲಿ ವಿದ್ಯುತ್ ಮೋಟಾರಿನ ಫ್ಯಾನು ಒಂದು ಪೆಟ್ಟಿಗೆಯೊಳಗೆ ಗುಂಯ್ ಅನ್ನುತ್ತಿತ್ತು. ಆ ಗಾಳಿ ನೇರ ಕೊಳವೆಗೆ ಹೋಗುವುದಿಲ್ಲ. ಮೊದಲು ಒಂದು ದೊಡ್ಡ ತಿದಿಗೆ ಹೋಗುತ್ತದೆ. ನಮ್ಮ ಮನೆಯ ಕಾಲುಮಣೆ ಹತ್ತು ಸೇರಿಸಿದಷ್ಟು ಅಗಲದ ಹಲಗೆ, ಸುತ್ತ ತೊಗಲಿನ ಮಡಿಕೆ. ಹಲಗೆಯ ಮೇಲೆ ಸಾಲಾಗಿ ಕಬ್ಬಿಣದ ತೂಕಗಳು, ಎರಡು ಮಾಮೂಲಿ ಇಟ್ಟಿಗೆ ಕೂಡ. ಇಟ್ಟಿಗೆ ಯಾಕೆ ಅಂದರೆ, ಯಾವಾಗಲೋ ಒತ್ತಡ ಸ್ವಲ್ಪ ಕಡಿಮೆ ಅನ್ನಿಸಿತಂತೆ, ಇಟ್ಟರಂತೆ. ಗಾಳಿ ತುಂಬಿದಂತೆ ಹಲಗೆ ಏಳುತ್ತದೆ. ಪೂರ್ತಿ ಎದ್ದಾಗ ಒಂದು ಹಗ್ಗ ಎಳೆದು ಬರುವ ಗಾಳಿಯ ಬಾಗಿಲು ಮುಚ್ಚುತ್ತದೆ. ಖರ್ಚಾದರೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ. ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಕೆಲಸವೇ.

ನಮ್ಮ ಕಡೆಯವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಲಿಂಗನಮಕ್ಕಿ ಅಣೆಕಟ್ಟಿನ ನೀರನ್ನು ನೇರ ನಮ್ಮ ಶರಾವತಿ ವಿದ್ಯುದಾಗಾರದ ಟರ್ಬೈನಿಗೆ ಬಿಡುವುದಿಲ್ಲ. ತಲಕಳಲೆಯ ಸಣ್ಣ ಜಲಾಶಯದಲ್ಲಿ ನಿಲ್ಲಿಸಿ, ಅಲ್ಲಿಂದ ಪೆನ್‌ಸ್ಟಾಕಿಗೆ. ಈ ತಿದಿ ಆರ್ಗನ್ನಿನ ತಲಕಳಲೆ. ಫ್ಯಾನಿನ ಸಿಡುಕು ಏನಿದ್ದರೂ ಇಲ್ಲಿಗೆ ಮುಗಿಯಬೇಕು, ಮುಂದಕ್ಕೆ ಹೋಗಬಾರದು.

ಮೋಟಾರು ಬರುವ ಮೊದಲು ತಿದಿ ಒತ್ತಲು ಜನ ಇರುತ್ತಿದ್ದರು. ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಸಾವಿರ ವರ್ಷದ ಹಿಂದೆ ಇದ್ದ ಆರ್ಗನ್ನಿಗೆ 70 ಜನ ಬೆವರು ಸುರಿಸುತ್ತಿದ್ದರು ಅಂತ ಆ ಕಾಲದ ಒಂದು ಪದ್ಯದಲ್ಲಿ ಇದೆ. ಕವಿಗಳ ಲೆಕ್ಕ, ಸ್ವಲ್ಪ ಕಳೆದು ಓದಿಕೊಳ್ಳಿ. 1871ರಲ್ಲಿ ಆಲ್ಬರ್ಟ್ ಹಾಲ್ ತೆರೆದಾಗ ಹೆನ್ರಿ ವಿಲ್ಲಿಸ್ ಎಂಬ ಪ್ರಸಿದ್ಧ ಕಸಬುದಾರ ಅಲ್ಲಿಯ ಆರ್ಗನ್ ಕಟ್ಟಿದ. ಅದಕ್ಕೆ ಗಾಳಿ ಕೊಡುತ್ತಿದ್ದದ್ದು ಎರಡು ಉಗಿ ಯಂತ್ರಗಳು. ಯೋಚನೆ ಮಾಡಿ, ಮೇಲೆ ರಾಣಿ, ರಾಜಕುಮಾರರು ಸಂಗೀತ ಕೇಳುತ್ತಿದ್ದಾರೆ, ಗಾಳಿಗಾಗಿ ಎಲ್ಲೋ ಒಬ್ಬ ಕಲ್ಲಿದ್ದಲು ಹಾಕುತ್ತಿದ್ದಾನೆ. 1924ರಿಂದ 1933ರ ನಡುವೆ ಇನ್ನೊಂದು ಕಂಪನಿ ಇದನ್ನು ಬಿಚ್ಚಿ ಕಟ್ಟಿತು. ಆದರೂ ಕೊನೆಕೊನೆಗೆ ಎಲ್ಲ ಕಡೆ ಗಾಳಿ ಸೋರುತ್ತಿತ್ತು. 2002ರಿಂದ 2004ರ ತನಕ ದೊಡ್ಡ ರಿಪೇರಿ ನಡೆದು ಗಾಳಿಯ ವ್ಯವಸ್ಥೆಯೇ ಹೊಸದಾಯಿತು. ಈಗ ಇಡೀ ವಾದ್ಯದ ತೂಕ ಸುಮಾರು 150 ಟನ್.

ಪರೀಕ್ಷೆಗೆ ಬರದ ಒಂದು ವಿಷಯ ಹೇಳಿ ಬಿಡುತ್ತೇನೆ. ಪ್ರಪಂಚದ ಮೊದಲ ಆರ್ಗನ್ನಿನಲ್ಲಿ ಗಾಳಿಯ ಒತ್ತಡ ಕಾಪಾಡಿದ್ದು ನೀರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಗ್ಸಾಂಡ್ರಿಯಾದ ಕ್ಟೆಸಿಬಿಯಸ್ ಎಂಬ ಯಂತ್ರಗಾರ ಮಾಡಿದ್ದು. ನೀರಿನಲ್ಲಿ ಮುಳುಗಿಸಿದ ಗಂಟೆಯಂಥ ಪಾತ್ರೆಯೊಳಗೆ ಗಾಳಿ, ಸುತ್ತ ನೀರಿನ ಭಾರ. ಅದರ ಹೆಸರು ಹೈಡ್ರಾಲಿಸ್. ಗ್ರೀಕಿನಲ್ಲಿ ನೀರು, ಕೊಳಲು ಎರಡೂ ಸೇರಿದ ಪದ. ನಮ್ಮ ಹೈಡ್ರಾಲಿಕ್ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಸರ್ವಿಸ್ ಪೂರ್ತಿ ಹೈಡ್ರಾಲಿಕ್ ಎಣ್ಣೆ ಮೈಗೆ ಮೆತ್ತಿಕೊಂಡವನು ನಾನು. ಅದು ಒಂದು ವಾದ್ಯದ ಹೆಸರು ಅಂತ ಪೆನ್ಷನ್ ಬಂದ ಮೇಲೆ ಗೊತ್ತಾಯಿತು.

ಪ್ರಶ್ನೆ: ಮನುಷ್ಯನಿಗೆ ಇರುವುದು ಹತ್ತು ಬೆರಳು. ಹತ್ತು ಸಾವಿರ ಕೊಳವೆ ಯಾಕೆ? ದೊಡ್ಡಸ್ತಿಕೆಗಾ?
— ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಸ್ವಲ್ಪ ದೊಡ್ಡಸ್ತಿಕೆಯೂ ಹೌದು. ಆದರೆ ಲೆಕ್ಕ ಇದೆ. ಕೊಳಲಿನಲ್ಲಿ ತೂತು ಮುಚ್ಚಿ ಒಂದರಲ್ಲೇ ಎಲ್ಲ ಸ್ವರ ತೆಗೆಯುತ್ತೇವೆ. ಇಲ್ಲಿ ಒಂದು ಕೊಳವೆ ಒಂದೇ ಸ್ವರಕ್ಕೆ. ಒಂದು ಕೈಮಣೆಗೆ, ಅಂದರೆ ಬೆರಳಲ್ಲಿ ಒತ್ತುವ ಮನೆಗಳ ಸಾಲಿಗೆ, ಸಾಮಾನ್ಯವಾಗಿ 61 ಮನೆ, ಅಂದರೆ ಒಂದು ಬಗೆಯ ದನಿಗೆ 61 ಕೊಳವೆ. ಕೊಳಲಿನ ದನಿ ಬೇಕೇ, ಒಂದು ಸಾಲು. ತುತ್ತೂರಿ ಬೇಕೇ, ಇನ್ನೊಂದು ಸಾಲು. ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ ಬೇಕೇ, ಮತ್ತೊಂದು. ಒಂದೊಂದು ಸಾಲಿಗೂ ಒಂದು ಗುಂಡಿ, ಅದಕ್ಕೆ ಸ್ಟಾಪ್ ಅನ್ನುತ್ತಾರೆ. ಆಲ್ಬರ್ಟ್ ಹಾಲಿನಲ್ಲಿ ಇಂಥ ಸ್ಟಾಪ್‌ಗಳು 147. ಅರವತ್ತೊಂದರಿಂದ ಗುಣಿಸಿ, 8,967 ಬರುತ್ತದೆ. ಕಾಲಲ್ಲಿ ತುಳಿಯುವ ಮಣೆಯ ಸಾಲುಗಳಿಗೆ ಕೊಳವೆ ಕಡಿಮೆ, ಕೆಲವು ಸ್ಟಾಪ್‌ಗಳಲ್ಲಿ ಒಂದೊಂದು ಮನೆಗೆ ಮೂರು ನಾಲ್ಕು ಕೊಳವೆ. ಕೂಡಿ ಕಳೆದು 9,999.

ಇನ್ನೊಂದು ಸೇರಿಸಿ ಹತ್ತು ಸಾವಿರ ಮಾಡಬಹುದಿತ್ತಲ್ಲ ಅಂತ ನನಗೂ ಅನ್ನಿಸಿತು. ಮೊಮ್ಮಗ ಹೇಳಿದ್ದು, 'ಅಜ್ಜ, ಇದು ಬಾಟಾ ರೇಟು.'

ಪ್ರಶ್ನೆ: ಪ್ರಪಂಚದಲ್ಲೇ ದೊಡ್ಡದು ಇದೇನಾ?
— ಓದುಗ, ಹೊಸನಗರ

ಉತ್ತರ: 1871ರಲ್ಲಿ ಹೌದು. ಈಗ ಬ್ರಿಟನ್ನಿನಲ್ಲೇ ಎರಡನೆಯದು, ಲಿವರ್‌ಪೂಲ್ ಕೆಥೆಡ್ರಲಿನದು ಇದಕ್ಕಿಂತ ದೊಡ್ಡದು. ಪ್ರಪಂಚದ ದೊಡ್ಡವು ಎರಡೂ ಅಮೆರಿಕದಲ್ಲಿ. ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲಿನಲ್ಲಿ 33,000ಕ್ಕೂ ಹೆಚ್ಚು ಕೊಳವೆಗಳ ಆರ್ಗನ್ ಇದೆ, 1929ರಿಂದ 1932ರ ನಡುವೆ ಕಟ್ಟಿದ್ದು, ಕೈಮಣೆ ಏಳು. ಅದರ ಒಂದು ಸ್ಟಾಪಿಗೆ 100 ಇಂಚು ನೀರಿನ ಒತ್ತಡದ ಗಾಳಿ. ಮೇಲೆ ನಾಲ್ಕು ಇಂಚು ಅಂದೆನಲ್ಲ, ಹೋಲಿಸಿ ನೋಡಿ. ಅದರ ಎದುರು ಲಾರಿ ಹಾರ್ನ್ ಕೂಡ ಜೋಗುಳ. ಕಡಲ ತೀರದ ಊರು, 1944ರ ಚಂಡಮಾರುತಕ್ಕೆ ನೀರು ನುಗ್ಗಿ ಕೆಟ್ಟಿತು. ಈಗಲೂ ಸ್ವಲ್ಪ ಸ್ವಲ್ಪವೇ ರಿಪೇರಿ ಮಾಡುತ್ತಿದ್ದಾರೆ.

ಇನ್ನೊಂದು ಫಿಲಡೆಲ್ಫಿಯಾದ್ದು, ಅದರ ಕಥೆ ನನಗೆ ಹೆಚ್ಚು ಇಷ್ಟ. 1904ರ ಸೇಂಟ್ ಲೂಯಿ ವಸ್ತುಪ್ರದರ್ಶನಕ್ಕೆ ಮಾಡಿದ ಆರ್ಗನ್. ಆಮೇಲೆ ಗೋದಾಮಿನಲ್ಲಿ ಬಿದ್ದಿತ್ತು. ಜಾನ್ ವಾನಮೇಕರ್ ಎಂಬ ವ್ಯಾಪಾರಿ 1909ರಲ್ಲಿ ಕೊಂಡು, 13 ಗೂಡ್ಸ್ ವ್ಯಾಗನ್ನುಗಳಲ್ಲಿ ತುಂಬಿಸಿ ತಂದು ತನ್ನ ಬಟ್ಟೆಬರೆ, ಸಾಮಾನಿನ ದೊಡ್ಡ ಅಂಗಡಿಯ ನಡುವಿನ ಅಂಗಳದಲ್ಲಿ ನಿಲ್ಲಿಸಿದ. 1911ರ ಜೂನ್ 22ರಂದು ಮೊದಲು ನುಡಿಸಿದರು. ತಂದ ಮೇಲೂ ಅವನಿಗೆ ಸಣ್ಣದು ಅನ್ನಿಸಿ, ಅಂಗಡಿಯಲ್ಲೇ ಕಾರ್ಖಾನೆ ಇಟ್ಟು ಬೆಳೆಸಿದರು. ಈಗ 28,750 ಕೊಳವೆ. ಸೀರೆ ಆರಿಸುವವರನ್ನು ಕಾಯುವ ಗಂಡಸರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಅಂಗಡಿ ಇನ್ನೊಂದಿಲ್ಲ.

ಪ್ರಶ್ನೆ: ಕಟ್ಟಡದ ಬಗ್ಗೆ ಬರೆಯಿರಿ. ಕಂಬವೇ ಇಲ್ಲದ ಗುಮ್ಮಟ ಅಂತ ಕೇಳಿದ್ದೇನೆ. ಯಾವ ಧೈರ್ಯದ ಮೇಲೆ ನಿಲ್ಲಿಸಿದರು?
— ಕಟ್ಟಡ ಕಂಟ್ರಾಕ್ಟರ್, ಶಿವಮೊಗ್ಗ

ಉತ್ತರ: ಧೈರ್ಯ ಅವರಿಗೂ ಪೂರ್ತಿ ಇರಲಿಲ್ಲ, ಕೇಳಿ.

ಹಾಲ್ ಮೊಟ್ಟೆ ಆಕಾರದ್ದು. 60 ಲಕ್ಷ ಕೆಂಪು ಇಟ್ಟಿಗೆ, 80,000 ಸುಟ್ಟ ಮಣ್ಣಿನ ಬಿಲ್ಲೆ. ಮೇಲಿನ ಗುಮ್ಮಟ ಕಬ್ಬಿಣದ ಹಂದರ, ಅದಕ್ಕೆ ಗಾಜು. ಉದ್ದ 219 ಅಡಿ, ಅಗಲ 185 ಅಡಿ. ಕಬ್ಬಿಣ 338 ಟನ್, ಗಾಜು 279 ಟನ್. ಮಧ್ಯೆ ಒಂದೂ ಕಂಬ ಇಲ್ಲ. ಮ್ಯಾಂಚೆಸ್ಟರಿನ ಕಾರ್ಖಾನೆಯಲ್ಲಿ ಮೊದಲು ಪೂರ್ತಿ ಜೋಡಿಸಿ ನೋಡಿದರು. ಸರಿ ಕೂತಿತು ಅಂತ ಮತ್ತೆ ಬಿಚ್ಚಿ, ಕುದುರೆ ಗಾಡಿಗಳಲ್ಲಿ ಲಂಡನ್ನಿಗೆ ಸಾಗಿಸಿದರು. ಮೇಲೇರಿಸಿ ಜೋಡಿಸಿದ ಮೇಲೆ ಕೆಳಗೆ ಕೊಟ್ಟ ಆಸರೆ ತೆಗೆಯುವ ದಿನ ಬಂತು. 1869ರ ಮೇ ತಿಂಗಳು. ನೀವು ಆರ್‌ಸಿಸಿ ಸೆಂಟ್ರಿಂಗ್ ತೆಗೆಸುವ ದಿನ ಮನೆಯಲ್ಲಿ ದೇವರಿಗೆ ದೀಪ ಹಚ್ಚಿಸಿ ಬರುತ್ತೀರಲ್ಲ, ಆ ದಿನ. ಬಿದ್ದರೆ ಬೀಳಲಿ ಅಂತ ಒಪ್ಪಿದವರನ್ನು ಮಾತ್ರ ಒಳಗೆ ಉಳಿಸಿಕೊಂಡು ಬೇರೆಲ್ಲರನ್ನೂ ಹೊರಗೆ ಕಳಿಸಿದರು. ಆಸರೆ ತೆಗೆದರು. ಗುಮ್ಮಟ ಕೆಳಗಿಳಿಯಿತು, ಒಂದು ಇಂಚಿನ ಹದಿನಾರು ಭಾಗದಲ್ಲಿ ಐದು ಭಾಗ. ಎಂಟು ಮಿಲಿಮೀಟರ್. ಅಲ್ಲಿಗೆ ನಿಂತಿತು. ಅಷ್ಟು ಭಾರಕ್ಕೆ ಎಂಟು ಮಿಲಿಮೀಟರ್! ನಮ್ಮ ಮನೆಯ ಬಾಗಿಲು ಮಳೆಗಾಲದಲ್ಲಿ ಇದಕ್ಕಿಂತ ಜಾಸ್ತಿ ಇಳಿಯುತ್ತದೆ.

ಗುಮ್ಮಟ ಗೆದ್ದಿತು, ಆದರೆ ಕಿವಿ ಸೋತಿತು. ಶಬ್ದ ಮೇಲೆ ಹೋಗಿ ಗಾಜಿಗೆ ಬಡಿದು ವಾಪಸು ಬರುತ್ತಿತ್ತು. ತಾನು ಬರೆದ ಸಂಗೀತವನ್ನು ಎರಡು ಸಲ ಕೇಳಬೇಕೆಂದರೆ ಇಲ್ಲಿಗೆ ಬರಬೇಕು ಅಂತ ಅವರಲ್ಲೇ ಒಂದು ಹಳೆಯ ಜೋಕು. ಮೊದಲು ಗುಮ್ಮಟದ ಕೆಳಗೆ ದಪ್ಪ ಬಟ್ಟೆ ಕಟ್ಟಿದರು, ನಮ್ಮ ಮದುವೆ ಮನೆಯ ಮೇಲ್ಕಟ್ಟಿನ ಹಾಗೆ. 1949ರಲ್ಲಿ ಅಲ್ಯೂಮಿನಿಯಂ ಹಲಗೆ ಹಾಕಿದರು. ಆದರೂ ಹೋಗಲಿಲ್ಲ. ಕೊನೆಗೆ 1969ರಲ್ಲಿ ಫೈಬರ್ ಗ್ಲಾಸಿನ ದೊಡ್ಡ ದೊಡ್ಡ ತಟ್ಟೆಗಳನ್ನು ಗುಮ್ಮಟದ ಕೆಳಗೆ ತೂಗುಬಿಟ್ಟರು. ಅವನ್ನು ಅಣಬೆ ಅನ್ನುತ್ತಾರೆ. ಈಗ 85 ಅಣಬೆ ಉಳಿದಿವೆ. ಮೊದಲ ಮಳೆ ಗುಡುಗಿನ ಮರುದಿನ ಹುತ್ತದ ಮೇಲೆ ಎದ್ದ ಹೆಗ್ಗಾಲಣಬೆಯನ್ನು ತಲೆಕೆಳಗೆ ಮಾಡಿ ನೇತು ಹಾಕಿದಂತೆ ಕಾಣುತ್ತದೆ. ನೂರು ವರ್ಷ ಒದ್ದಾಡಿದ್ದಕ್ಕೆ ಪರಿಹಾರ ಅಣಬೆ. ನನಗಂತೂ ಇಡೀ ಕಟ್ಟಡದಲ್ಲಿ ಅತಿ ಇಷ್ಟವಾದದ್ದು ಅದೇ.

ಪ್ರಶ್ನೆ: ಟಿಪ್ಪು ಸುಲ್ತಾನನ ಹತ್ತಿರವೂ ಆರ್ಗನ್ ಇತ್ತು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ನಿಜವಾ?
— ಪಿಯುಸಿ ವಿದ್ಯಾರ್ಥಿನಿ, ಕೊಪ್ಪ

ಉತ್ತರ: ನಿಜ ಪುಟ್ಟಿ. ಹುಲಿಯ ಹೊಟ್ಟೆಯಲ್ಲಿತ್ತು.

ಆಲ್ಬರ್ಟ್ ಹಾಲಿನಿಂದ ಹದಿನೈದು ನಿಮಿಷ ನಡೆದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಒಳಗೆ ಹೋಗಲು ದುಡ್ಡಿಲ್ಲ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮರದ ಹುಲಿ ಒಬ್ಬ ಬಿಳಿಯ ಮನುಷ್ಯನ ಮೇಲೆ ಬಿದ್ದಿದೆ, ಹತ್ತಿರ ಹತ್ತಿರ ನಿಜದ ಅಳತೆ. ಪಕ್ಕದಲ್ಲಿ ಒಂದು ಹಿಡಿಕೆ. ತಿರುಗಿಸಿದರೆ ಒಳಗಿನ ತಿದಿಗಳು ಆಡಿ ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆಗೆದರೆ ಪುಟ್ಟ ಪೈಪ್ ಆರ್ಗನ್, ದಂತದ 18 ಗುಂಡಿಗಳ ಮನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಾಗಿಸಿದ್ದು. 1808ರಿಂದ ಲಂಡನ್ನಿನಲ್ಲಿ ಜನರಿಗೆ ತೋರಿಸಿದರು. ಪಕ್ಕದಲ್ಲೇ ಓದುವ ಕೋಣೆ. ಬಂದವರೆಲ್ಲ ಹಿಡಿಕೆ ತಿರುಗಿಸಿ ಹುಲಿ ಕೂಗಿಸಿ ಓದುವವರ ತಲೆ ತಿಂದರಂತೆ. ಎರಡನೇ ಮಹಾಯುದ್ಧದಲ್ಲಿ ಮೇಲಿನ ಮಾಡು ಬಿದ್ದು ಚೂರಾಯಿತು, 1947ರಲ್ಲಿ ಮತ್ತೆ ಜೋಡಿಸಿದರು.

ನಾನು ಅದರ ಮುಂದೆ ಒಂದು ಗಂಟೆ ಬಗ್ಗಿ ನಿಂತಿದ್ದೆ. 9,999 ಕೊಳವೆಯ ಮುಂದೆ ಅಷ್ಟು ಹೊತ್ತು ನಿಂತಿರಲಿಲ್ಲ. ಒಂದೇ ಹಿಡಿಕೆ, ಒಂದೇ ಕ್ರ್ಯಾಂಕು, ಅದರಿಂದ ನರಳಾಟ, ಗುರುಗುಟ್ಟುವುದು, ಕೈಯ ಆಟ. ಮರ ನಮ್ಮ ಕಡೆಯದು. ಆ ಬಣ್ಣ, ಆ ಪಟ್ಟೆಗಳ ಮಾಟ ನೋಡಿದರೆ ಯಾವುದೋ ಜಾತ್ರೆಯಲ್ಲಿ ನೋಡಿದ ಹಾಗೆ ಅನ್ನಿಸುತ್ತದೆ. ಕಾವಲಿನವನು ಎರಡು ಸಲ ಬಂದು ನೋಡಿ ಹೋದ.

ಪ್ರಶ್ನೆ: ನಮ್ಮ ಮಲೆನಾಡಿನಲ್ಲಿ ಇಂಥದ್ದೊಂದು ಇಡಬಹುದಾ? ಆಗುಂಬೆಯ ಮಳೆಗೆ ಉಳಿಯುತ್ತದಾ?
— ಬಡಗಿ, ಶೃಂಗೇರಿ ರಸ್ತೆ, ಆಗುಂಬೆ

ಉತ್ತರ: ಇಡಬಹುದು, ಸಾಕುವುದು ಕಷ್ಟ. ಅಪ್ಪನ ಹಾರ್ಮೋನಿಯಂ ಗತಿ ಹೇಳುತ್ತೇನೆ. ಒಂದು ಆಷಾಢದಲ್ಲಿ ತಿದಿಯ ತೊಗಲಿಗೆ ಬೂಸಲು ಬಂತು, ಮನೆಗಳು ಉಬ್ಬಿ ಒತ್ತಿದ್ದು ಒತ್ತಿದ ಹಾಗೇ ಕೂತವು. ಪೇಟೆಯ ಒಬ್ಬ ರಿಪೇರಿಯವರಿಗೆ ಕೊಟ್ಟೆವು. ಅವರು ತೊಗಲು ತೆಗೆದು ರೆಕ್ಸಿನ್ ಹಾಕಿದರು. ಆಮೇಲೆ ಅದು ಸ್ವರಕ್ಕಿಂತ ಹೆಚ್ಚು 'ಬುಸ್' ಅನ್ನುತ್ತಿತ್ತು. ಭಜನೆಗೆ ಬಂದವರು ಹಾವು ಅಂತ ಕಾಲು ಮೇಲೆ ತೆಗೆದುಕೊಂಡದ್ದೂ ಉಂಟು. ಆರ್ಗನ್ನಿನಲ್ಲಿ ಇಂಥ ತೊಗಲು ಸಾವಿರ ಕಡೆ ಇದೆ. ಕೊಳವೆಗಳು ತವರ, ಸೀಸ, ಮರ. ಮರ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ನಿಮ್ಮಂಥವರು ಕೇಳಬೇಕಾದ ಒಂದು ಆರ್ಗನ್ ಇದೆ. ಫಿಲಿಪೈನ್ಸ್ ದೇಶದ ಲಾಸ್ ಪಿನ್ಯಾಸ್ ಎಂಬ ಊರಿನ ಚರ್ಚಿನಲ್ಲಿ. ಅಲ್ಲೂ ಮಳೆ, ಸೆಕೆ, ಹುಳ, ಎಲ್ಲ ನಮ್ಮ ಹಾಗೇ. ದಿಯೆಗೊ ಸೆರಾ ಎಂಬ ಪಾದ್ರಿ 1816ರಲ್ಲಿ ಶುರು ಮಾಡಿ 1824ರಲ್ಲಿ ಮುಗಿಸಿದರು. ಒಟ್ಟು 1,031 ಕೊಳವೆ, ಅದರಲ್ಲಿ 902 ಬಿದಿರಿನವು. ಕಡಿದ ಬಿದಿರನ್ನು ತಿಂಗಳುಗಟ್ಟಲೆ ಕಡಲ ಮರಳಿನಲ್ಲಿ ಹೂತಿಟ್ಟು, ಹುಳ ಬೀಳದೆ ಉಳಿದದ್ದನ್ನು ಮಾತ್ರ ಬಳಸಿದರು. ನಮ್ಮವರು ಬಿದಿರನ್ನು ಕೆರೆಯಲ್ಲಿ ಮುಳುಗಿಸಿಟ್ಟು ಕುಟ್ಟೆ ಬೀಳದ ಹಾಗೆ ಮಾಡುತ್ತಾರಲ್ಲ, ಅದರ ಅಣ್ಣ. ಭೂಕಂಪ, ಬಿರುಗಾಳಿಗೆ ಕೆಟ್ಟು ಸುಮಾರು ಕಾಲ ಮೂಕವಾಗಿತ್ತು. 1973ರಲ್ಲಿ ಜರ್ಮನಿಗೆ ಒಯ್ದು ರಿಪೇರಿ ಮಾಡಿ 1975ರಲ್ಲಿ ವಾಪಸು ತಂದರು. ಈಗಲೂ ನುಡಿಸುತ್ತಾರೆ. ನಿಮ್ಮೂರಿನ ಬಿದಿರಿನಲ್ಲಿ ಎಂಟು ಕೊಳವೆ ಮಾಡಿ ಒಂದು ಸಪ್ತಕ ಕೂರಿಸಿ ನೋಡಿ. ಗಾಳಿಗೆ ಕುಲುಮೆಯ ತಿದಿ ಸಾಕು. ಮಾಡಿದರೆ ಕಾಗದ ಬರೆಯಿರಿ, ನಾನೇ ಬಸ್ ಹತ್ತಿ ಬರುತ್ತೇನೆ.

ಪ್ರಶ್ನೆ: ಅಷ್ಟು ದೂರ ಹೋಗಿ ಬರೀ ನೋಡಿ ಬಂದಿರಾ? ಒಂದು ಸಲವಾದರೂ ನುಡಿಸಲಿಲ್ವಾ?
— ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ಇದಕ್ಕೆ ಉತ್ತರ ಬರೆಯಲೋ ಬೇಡವೋ ಅಂತ ಯೋಚಿಸಿದೆ ತಾಯಿ. ದೊಡ್ಡದನ್ನು ಮುಟ್ಟಲು ನಮ್ಮಂಥವರನ್ನು ಬಿಡುವುದಿಲ್ಲ. ಆದರೆ ಆ ಸಣ್ಣ ಚರ್ಚಿನಲ್ಲಿ ಒಂದು ಅವಕಾಶ ಸಿಕ್ಕಿತು.

ಮೊಮ್ಮಗನನ್ನು ಶಾಲೆಗೆ ಬಿಟ್ಟು ಬರುವಾಗ ಒಳಗಿನಿಂದ ಒಂದೇ ಸ್ವರ ಕೇಳುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಅದೇ ಸ್ವರ. ಇಣುಕಿದೆ. ಶ್ರುತಿ ಮಾಡುವ ವಯಸ್ಸಾದ ಮನುಷ್ಯ, ಸಹಾಯಕ್ಕೆ ಬರಬೇಕಾದವನು ಬಂದಿರಲಿಲ್ಲ. ಶ್ರುತಿ ಮಾಡಲು ಇಬ್ಬರು ಬೇಕು. ಒಬ್ಬ ಕೊಳವೆಗಳ ಕಾಡಿನೊಳಗೆ ಏಣಿ ಮೇಲೆ, ಒಬ್ಬ ಹೊರಗೆ ಮನೆ ಒತ್ತಿ ಹಿಡಿಯಲು. ನಾನು ಕೂರಲಾ ಅಂತ ಸನ್ನೆಯಲ್ಲೇ ಕೇಳಿದೆ. ಅವನು ನನ್ನ ಮಂಕಿ ಕ್ಯಾಪ್ ನೋಡಿದ, ಸರಿ ಅಂದ.

ಎರಡು ಗಂಟೆ ಕೂತೆ. ಒಳಗಿನಿಂದ ಅವನು 'ನೆಕ್ಸ್ಟ್' ಅನ್ನುತ್ತಿದ್ದ, ನಾನು ಮುಂದಿನ ಮನೆ ಒತ್ತುತ್ತಿದ್ದೆ. ಅವನು ಮಾಡುತ್ತಿದ್ದದ್ದು ಏನು ಅಂತ ನನಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಸರಿ ಇರುವ ಒಂದು ಕೊಳವೆ, ತಪ್ಪಿದ ಒಂದು ಕೊಳವೆ, ಎರಡನ್ನೂ ಒಟ್ಟಿಗೆ ಊದಿಸಿದರೆ ದನಿ ವಂವ್, ವಂವ್, ವಂವ್ ಅಂತ ಅಲೆಯುತ್ತದೆ. ಕೊಳವೆಯ ತುದಿಯ ತಗಡನ್ನು ಮೆಲ್ಲಗೆ ತಟ್ಟುತ್ತಾನೆ. ಅಲೆ ನಿಧಾನವಾಗುತ್ತದೆ. ವಂವ್... ವಂವ್... ಆಮೇಲೆ ನಿಲ್ಲುತ್ತದೆ. ಎರಡೂ ಒಂದಾಗುತ್ತವೆ. ಅಯ್ಯೋ, ಇದು ನಮ್ಮ ಸಿಂಕ್ರೊನೈಸಿಂಗ್! ಹೊಸ ಯೂನಿಟ್ಟನ್ನು ಲೈನಿಗೆ ಸೇರಿಸುವಾಗ ಹಳೆ ಪದ್ಧತಿಯಲ್ಲಿ ದೀಪಗಳು ಹೀಗೇ ಉರಿದು ಆರಿ ಉರಿದು ಆರುತ್ತಿದ್ದವು. ವೇಗ ಹೊಂದುತ್ತಾ ಬಂದ ಹಾಗೆ ನಿಧಾನವಾಗುತ್ತಿತ್ತು. ಪೂರ್ತಿ ಆರಿ ನಿಂತ ಕ್ಷಣ ಬ್ರೇಕರ್ ಹಾಕುತ್ತಿದ್ದೆವು. ನಾನು ಆ ಮನುಷ್ಯ ತಟ್ಟುವುದಕ್ಕೆ ಮೊದಲೇ ಕಿವಿಯಲ್ಲಿ ಎಣಿಸಲು ಶುರು ಮಾಡಿದೆ.

ನಡುವೆ ಒಂದು ಸಲ ನಾನೂ ಒಳಗೆ ಹೋಗಿ ನೋಡಿದೆ. ಅವನು ಕೈ ತೋರಿಸಿ ದೂರ ನಿಲ್ಲಿಸಿದ. ಮೈಯ ಕಾವಿಗೆ ಸಣ್ಣ ಕೊಳವೆಗಳ ಸ್ವರ ಏರುತ್ತದೆ, ಶ್ರುತಿ ಹಾಳು. ಹಾಗಾಗಿ ತಟ್ಟಿದ ಮೇಲೆ ಅವನೂ ದೂರ ಸರಿದು ಕಾದು ಕೇಳುತ್ತಿದ್ದ.

ಕೆಲಸ ಮುಗಿಯಿತು. ಅವನು ಕೈ ಒರೆಸಿಕೊಳ್ಳುತ್ತಾ ಬೆಂಚಿನ ಕಡೆ ತೋರಿಸಿ, ಏನಾದರೂ ನುಡಿಸು ಅಂದ. ನನಗೆ ಏನು ಬರುತ್ತದೆ? ಅಪ್ಪನ ಶ್ರುತಿ ಕಪ್ಪು ಒಂದು. ಅದರ ಸ ಹಿಡಿದೆ, ಮೇಲೆ ಪ ಹಿಡಿದೆ, ಕಾಲಲ್ಲಿ ಕೆಳಗಿನ ಸ ತುಳಿದೆ. ಅಷ್ಟೇ. ಖಾಲಿ ಚರ್ಚು ತುಂಬಿತು. ಬಿಡಲು ಮನಸ್ಸು ಬರಲಿಲ್ಲ, ಹಾಗೇ ಒತ್ತಿಕೊಂಡು ಕೂತೆ.

ಅವನಿಗೆ ಹೊತ್ತಾಗಿತ್ತು ಅಂತ ಕಾಣುತ್ತದೆ. ಹಿಂದೆ ಹೋಗಿ ಫ್ಯಾನಿನ ಸ್ವಿಚ್ ಆರಿಸಿದ. ನನ್ನ ಬೆರಳು ಇನ್ನೂ ಮನೆಯ ಮೇಲೇ ಇತ್ತು. ತಿದಿಯಲ್ಲಿ ಉಳಿದ ಗಾಳಿ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಇಟ್ಟಿಗೆ ಹೊತ್ತ ಹಲಗೆ ಇಳಿಯುವ ಸದ್ದು, ಸ ಇಳಿಯಿತು, ಪ ಅದರ ಹಿಂದೆ ಜಾರಿತು, ಎರಡೂ ಸೇರಿ ಹಸು ಅಂಬಾ ಅಂದ ಹಾಗಾಗಿ ನಿಂತವು.